ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ

ಹ್ಯೂಸ್ಟನ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಡಿಸೆಂಬರ್ ಬಂತೆಂದರೆ ಎರಡು ಪಂಗಡ: ಊರಿಗೆ ಹೋಗುವವರು, ಹಡಗಿಗೆ ಹೋಗುವವರು. ಗಾಲ್ವೆಸ್ಟನ್ ಬಂದರು ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಕಾರು ನಿಲ್ಲಿಸಿ ಹಡಗು ಹತ್ತಿದರೆ ಒಂದು ವಾರ ಒಲೆ ಹಚ್ಚುವ ಕೆಲಸವಿಲ್ಲ. ಮೆಕ್ಸಿಕೊದ ಕೊಝುಮೆಲ್, ಹೊಂಡುರಾಸ್‌ನ ರೊಅಟಾನ್, ಬೆಲೀಜ್, ಇಲ್ಲವೇ ಜಮೈಕಾ, ಗ್ರ್ಯಾಂಡ್ ಕೇಮನ್ ಸುತ್ತಿಸಿ ತಂದು ಬಿಡುತ್ತಾರೆ. ಹಡಗಿನಲ್ಲಿ ಈಜುಕೊಳ, ನಾಟಕಶಾಲೆ, ಐಸ್‌ಕ್ರೀಂ ಯಂತ್ರ ಎಲ್ಲ ಉಂಟು. ಕಡಲು ಮಾತ್ರ ಹತ್ತು ಮಹಡಿ ಕೆಳಗೆ.

ಹೊನ್ನಾವರದಲ್ಲಿ ಬೆಳೆದ ನನಗೆ ಅಷ್ಟು ಮೇಲಿನಿಂದ ಕಡಲು ನೋಡಿ ತೃಪ್ತಿಯಾಗುವುದಿಲ್ಲ. ಹಾಗಾಗಿ ಹಡಗು ನಿಂತ ಊರಿನಲ್ಲೆಲ್ಲ ಇಳಿದು, ಆ ಊರಿನವರದೇ ಸಣ್ಣ ದೋಣಿ ಹತ್ತಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿಯುತ್ತೇನೆ. ನಮ್ಮ ಯಜಮಾನರು ಡೆಕ್ಕಿನ ಮೇಲೆ ನೆರಳಿನ ಕುರ್ಚಿ ಹಿಡಿದು ಕಾದಂಬರಿ ಓದುತ್ತಾರೆ. “ನಿನಗೆ ಹಡಗಿನ ಟಿಕೆಟ್ ದಂಡ ಮಾರಾಯ್ತಿ” ಎನ್ನುವುದು ಅವರ ದೂರು. ಕೂಟದಲ್ಲಿ ಸಿಕ್ಕವರು ಕೇಳುವುದು ಬೇರೆ: ಹೊರಗಿನವರ ದೋಣಿ ನಂಬಬಹುದೇ? ಹಡಗು ಬಿಟ್ಟು ಹೋದರೆ? ಈಜು ಬಂದರೆ ಸಾಕೇ? ಈ ಬರಹ ಅವರಿಗಾಗಿ.

ಎರಡು ದಾರಿ

ಹಡಗಿನಿಂದ ಡೈವಿಂಗಿಗೆ ಹೋಗಲು ಎರಡು ದಾರಿಗಳಿವೆ. ಒಂದು, ಹಡಗಿನ ಕಂಪನಿಯೇ ಮಾರುವ ಪ್ರವಾಸ. ದುಡ್ಡು ಹಡಗಿನ ಲೆಕ್ಕಕ್ಕೆ ಸೇರುತ್ತದೆ, ಚೀಟಿ ಕೋಣೆಗೆ ಬರುತ್ತದೆ, ದಕ್ಕೆಯ ಮೇಲೆ ಫಲಕ ಹಿಡಿದವರು ಕಾಯುತ್ತಿರುತ್ತಾರೆ. ಇದರ ದೊಡ್ಡ ಅನುಕೂಲ ಒಂದೇ: ದೋಣಿ ತಡವಾದರೆ ಹಡಗು ನಿಮಗಾಗಿ ನಿಲ್ಲುತ್ತದೆ. ಎರಡನೆಯದು, ಆ ದ್ವೀಪದ ಡೈವ್ ಅಂಗಡಿಗೆ ನೀವೇ ಬರೆದು ಜಾಗ ಕಾದಿರಿಸುವುದು. ಇಲ್ಲಿ ಹಡಗು ನಿಮಗಾಗಿ ಒಂದು ನಿಮಿಷವೂ ಕಾಯುವುದಿಲ್ಲ.

ಹಡಗಿನವರು ಮಾರುವ ಪ್ರವಾಸವನ್ನು ನಡೆಸುವವರೂ ಸ್ಥಳೀಯರೇ. ಕಂಪನಿ ಅವರ ಜೊತೆ ಗುತ್ತಿಗೆ ಮಾಡಿಕೊಂಡಿರುತ್ತದೆ, ನಡುವೆ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಆದರೆ ದೋಣಿ ದೊಡ್ಡದು. ಮೊನ್ನೆ ಮೊನ್ನೆ ಡೈವಿಂಗ್ ಕಲಿತು ಅದರ ಕಾರ್ಡ್ ಪಡೆದವರು, ವರ್ಷಗಳಿಂದ ನೀರಿಗೆ ಇಳಿಯದವರು, ನೂರಾರು ಡೈವ್ ಮಾಡಿದವರು ಎಲ್ಲ ಒಟ್ಟಿಗೆ. ಗುಂಪಿನಲ್ಲಿ ಯಾರ ಗಾಳಿ ಮೊದಲು ಮುಗಿಯುತ್ತದೋ ಅವರ ಜೊತೆ ಎಲ್ಲರ ಡೈವೂ ಮುಗಿಯುವುದುಂಟು. ಇಂಥ ಗುಂಪನ್ನು ಕರೆದೊಯ್ಯುವ ಜಾಗವೂ ಹತ್ತಿರದ್ದು, ಸುಲಭದ್ದು. ಅದು ತಪ್ಪಲ್ಲ, ಅಷ್ಟು ಜನರನ್ನು ಬೇರೆ ಎಲ್ಲಿಗೂ ಕರೆದೊಯ್ಯಲಾಗದು.

ಕೊಝುಮೆಲ್‌ನ ಸಣ್ಣ ದೋಣಿಗಳಲ್ಲಿ ಸಾಮಾನ್ಯವಾಗಿ ಆರು, ಹೆಚ್ಚೆಂದರೆ ಎಂಟು ಮಂದಿ. ಎರಡು ಸಿಲಿಂಡರಿನ, ಅಂದರೆ ಎರಡು ಡೈವಿನ ಬೆಳಗಿನ ಪ್ರವಾಸಕ್ಕೆ ನೂರರಿಂದ ನೂರೈವತ್ತು ಡಾಲರ್ ಆಸುಪಾಸು. ಸಾಗರ ಉದ್ಯಾನದ ಶುಲ್ಕ, ಬಾಡಿಗೆ ಸಾಮಾನು ಬೇರೆ. ನಾನು ಎರಡನೇ ದಾರಿಯವಳು. ಆದರೆ ಆ ದಾರಿಗೆ ಒಂದು ಶಿಸ್ತು ಬೇಕು, ಅದು ಗಡಿಯಾರದ್ದು.

ಯಾರ ಗಡಿಯಾರ?

ಬಂದರಿನ ಅಂಚಿನಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದು ಓಡಿ ಬರುವ ಪ್ರವಾಸಿಗರು, ಮೇಲಿನ ಡೆಕ್ಕಿನಿಂದ ಅವರಿಗೆ ಚಪ್ಪಾಳೆ ಹೊಡೆಯುವ ಸಾವಿರ ಜನ: ಕ್ರೂಸ್ ಮಾಡಿದವರೆಲ್ಲ ಈ ದೃಶ್ಯ ನೋಡಿರುತ್ತಾರೆ. ಅವರಲ್ಲಿ ಎಲ್ಲರೂ ಸೋಮಾರಿಗಳಲ್ಲ. ಕೆಲವರು ತಪ್ಪು ಗಡಿಯಾರ ನೋಡಿದವರು.

ಕೊಝುಮೆಲ್ ಇರುವ ಕಿಂತಾನಾ ರೂ ರಾಜ್ಯ 2015ರಲ್ಲಿ ತನ್ನ ಸಮಯವನ್ನು ಒಂದು ಗಂಟೆ ಮುಂದಕ್ಕೆ ತಂದು ಅಲ್ಲೇ ನಿಲ್ಲಿಸಿಕೊಂಡಿತು. ಅಮೆರಿಕದಲ್ಲಾದರೆ ಬೇಸಿಗೆಗೊಂದು ಸಮಯ, ಚಳಿಗಾಲಕ್ಕೊಂದು. ಹೀಗಾಗಿ ಬೇಸಿಗೆಯಲ್ಲಿ ಮಯಾಮಿಯಿಂದ ಹೊರಟ ಹಡಗು ತನ್ನ ಊರಿನ ಸಮಯವನ್ನೇ ಇಟ್ಟುಕೊಂಡಿದ್ದರೆ, ಹಡಗಿನಲ್ಲಿ ನಾಲ್ಕೂವರೆ ಆದಾಗ ಕೊಝುಮೆಲ್ ದಡದಲ್ಲಿ ಮೂರೂವರೆ. ನಿಮ್ಮ ಕೈಯ ಫೋನು ದಡದ ಟವರ್ ಹಿಡಿದು ತಾನಾಗಿ ಹಿಂದಕ್ಕೆ ಹೋಗಿರುತ್ತದೆ. ಇನ್ನೂ ಒಂದು ಗಂಟೆ ಇದೆ ಎಂದು ನೀವು ಟಾಕೊ ತಿನ್ನುತ್ತ ಕೂತಿರುತ್ತೀರಿ. ಅತ್ತ ಹಡಗಿನ ಏಣಿ ಎತ್ತುತ್ತಿರುತ್ತಾರೆ. ಚಳಿಗಾಲದಲ್ಲಿ ಗಾಲ್ವೆಸ್ಟನ್‌ನಿಂದ ಹೋದರೆ ಇದೇ ಲೆಕ್ಕ ತಿರುವುಮುರುವು: ದಡದಲ್ಲಿ ಎಂಟು ಗಂಟೆ, ನಮ್ಮ ಹಡಗಿನಲ್ಲಿ ಏಳು. ಆಗ ತಪ್ಪುವುದು ಹಡಗಲ್ಲ, ಡೈವ್ ದೋಣಿ. ಕೆಲವು ಕ್ಯಾಪ್ಟನ್‌ಗಳು ದಾರಿಯಲ್ಲೇ ಹಡಗಿನ ಗಡಿಯಾರ ಬದಲಿಸುತ್ತಾರೆ, ಕೆಲವರು ಬದಲಿಸುವುದಿಲ್ಲ. ಆದ್ದರಿಂದ ಫೋನು ಬಿಟ್ಟು ಕೈಗಡಿಯಾರ ಕಟ್ಟಿ. ಇಳಿಯುವಾಗ ಹಡಗಿನ ಗೋಡೆ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ಡೈವ್ ಅಂಗಡಿಗೆ ಬರೆಯುವಾಗ ಹಡಗಿನ ಹೆಸರು, ನಿಲ್ಲುವ ದಕ್ಕೆ, ಹೊರಡುವ ಸಮಯ ಮೂರನ್ನೂ ತಿಳಿಸಿ. ಕ್ರೂಸ್ ಜನರನ್ನು ದಿನವೂ ಕಾಣುವವರಿಗೆ ನಿಮ್ಮ ಹಡಗು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೊರಡುತ್ತದೆಂದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನನ್ನದೊಂದು ನೇಮ: ಎಲ್ಲರೂ ಹಡಗಿನಲ್ಲಿರಬೇಕಾದ ಹೊತ್ತಿಗೆ ಎರಡು ಗಂಟೆ ಮೊದಲು ದೋಣಿ ದಡಕ್ಕೆ ಬರುವಂತಿರಬೇಕು. ಇಲ್ಲವಾದರೆ ಒಂದೇ ಸಿಲಿಂಡರ್ ಡೈವ್, ಅಥವಾ ಹಡಗಿನವರದೇ ಪ್ರವಾಸ. ಇದರಲ್ಲಿ ಚೌಕಾಸಿ ಇಲ್ಲ.

ಸೆಳವಿನ ಕೈಗೆ ಬಿಟ್ಟುಕೊಂಡು

ಕೊಝುಮೆಲ್‌ನಲ್ಲಿ ಕ್ರೂಸ್ ಹಡಗುಗಳಿಗೆ ಮೂರು ದಕ್ಕೆಗಳಿವೆ. ಊರಿನ ನಡುವೆ ಪುಂತಾ ಲಾಂಗೊಸ್ತಾ. ದಕ್ಷಿಣಕ್ಕೆ ಸ್ವಲ್ಪ ದೂರ ಇಂಟರ್‌ನ್ಯಾಷನಲ್ ಪಿಯರ್ ಮತ್ತು ಪುಎರ್ತಾ ಮಾಯಾ. ಅಲ್ಲಿಂದ ಟ್ಯಾಕ್ಸಿ ಹಿಡಿದು ದೋಣಿ ನಿಲ್ಲುವ ಜಾಗಕ್ಕೆ ಹೋಗಬೇಕು. ಮೀಟರ್ ಇಲ್ಲ; ನಿಗದಿ ದರ, ಹತ್ತುವ ಮೊದಲೇ ಕೇಳಿಕೊಂಡರೆ ತಕರಾರಿಲ್ಲ.

ನಾನು ಮತ್ತೆ ಮತ್ತೆ ಹೋಗುವ ದೋಣಿಯ ಗೈಡ್ ಐವತ್ತು ದಾಟಿದ ದ್ವೀಪದ ಮನುಷ್ಯ, ಮೀನುಗಾರರ ಮಗ. ಮೊದಲ ಸಲ ಆತನನ್ನು ಮೆಚ್ಚಿದ್ದು ನೀರಿನೊಳಗಲ್ಲ, ದೋಣಿಯ ಮೇಲೆ. ಪ್ರತಿಯೊಬ್ಬರ ಸಿಲಿಂಡರ್ ವಾಲ್ವನ್ನೂ ತಾನೇ ತಿರುಗಿಸಿ ನೋಡಿದ. ಆಮೇಲೆ ರೆಗ್ಯುಲೇಟರ್ ಬಾಯಿಗಿಟ್ಟು, ಕಣ್ಣನ್ನು ಗೇಜಿನ ಮೇಲೆ ನೆಟ್ಟು, ಎರಡು ಉಸಿರು ಎಳೆಯಲು ಹೇಳಿದ. ವಾಲ್ವ್ ಅರ್ಧ ಮಾತ್ರ ತೆರೆದಿದ್ದರೆ ಉಸಿರೆಳೆದಾಗ ಮುಳ್ಳು ಕುಸಿದು ಮತ್ತೆ ಮೇಲೇರುತ್ತದೆ. ಪೂರ್ತಿ ತೆರೆದಿದ್ದರೆ ಅಲ್ಲಾಡುವುದಿಲ್ಲ. ಅಂದು ಒಬ್ಬರ ಮುಳ್ಳು ಅಲ್ಲಾಡಿತು. ಆತ ಮಾತಾಡದೆ ವಾಲ್ವ್ ಸರಿಮಾಡಿ ಮುಂದಿನವರ ಬಳಿ ಹೋದ. ಗೈಡ್ ಎಂಥವನೆಂದು ತಿಳಿಯಲು ನನಗೆ ಅಷ್ಟು ಸಾಕಾಯಿತು.

ದೋಣಿ ದಕ್ಷಿಣಕ್ಕೆ ಪಲಂಕಾರ್ ಕಡೆ ಅರ್ಧ-ಮುಕ್ಕಾಲು ಗಂಟೆ ಓಡುತ್ತದೆ. ದಡದ ಹತ್ತಿರದ ಸುಲಭದ ಡೈವಿಗೆ ಪ್ಯಾರಡೈಸ್ ಎಂಬ ಹವಳದ ದಿಬ್ಬವಿದೆ. ಗೋಡೆ ನೋಡಬೇಕೆಂದರೆ ಪಲಂಕಾರ್, ಸಾಂತಾ ರೋಸಾ, ಕೊಲಂಬಿಯಾ ಇವಕ್ಕೇ ಹೋಗಬೇಕು. ಬಣ್ಣಬಣ್ಣದ ದಿಬ್ಬ ಹಠಾತ್ತನೆ ಮುಗಿದು, ಕೆಳಗೆ ಕಣ್ಣಿಗೆ ತಳ ಸಿಗದ ನೀಲಿ. ಈ ಕಡೆಯ ನೀರು ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಇಲ್ಲಿ ದೋಣಿ ಲಂಗರು ಹಾಕುವುದಿಲ್ಲ. ನೀರಿಗೆ ಬಿಡುತ್ತಾರೆ, ಸೆಳವು ನಿಮ್ಮನ್ನು ಒಯ್ಯುತ್ತದೆ, ದೋಣಿ ಮೇಲಿನಿಂದ ನಿಮ್ಮ ಗುಳ್ಳೆಗಳ ಹಿಂದೆ ಬರುತ್ತದೆ. ಮೇಲೇಳುವ ಹೊತ್ತಿಗೆ ಗೈಡ್ ಕಿತ್ತಳೆ ಬಣ್ಣದ ಗಾಳಿಕೊಳವೆಯೊಂದನ್ನು ದಾರ ಕಟ್ಟಿ ಮೇಲಕ್ಕೆ ಬಿಡುತ್ತಾನೆ. ಎಲ್ಲಿದ್ದೀರೆಂದು ದೋಣಿಯವನಿಗೂ, ಆಚೆ ಹಾದುಹೋಗುವ ಇತರ ದೋಣಿಗಳಿಗೂ ಅದೇ ಗುರುತು.

ಸೆಳವಿನಲ್ಲಿ ಕಾಲು ಬಡಿಯುವ ಕೆಲಸವಿಲ್ಲ. ಕಾಲು ಬಡಿಯುವವರು ಗಾಳಿ ಬೇಗ ಮುಗಿಸುತ್ತಾರೆ, ಏನನ್ನೂ ನೋಡುವುದಿಲ್ಲ. ಪಲಂಕಾರ್‌ನಲ್ಲಿ ಒಮ್ಮೆ ಹಾಕ್ಸ್‌ಬಿಲ್ ಜಾತಿಯ ಕಡಲಾಮೆಯೊಂದು ನಮ್ಮ ಪರಿವೆಯೇ ಇಲ್ಲದೆ ಸ್ಪಂಜು ಕೀಳುತ್ತಿತ್ತು. ಮುಂಗಾಲನ್ನು ಹವಳಕ್ಕೆ ಒತ್ತಿ, ಕೊಕ್ಕಿನಿಂದ ಕಚ್ಚಿ, ತಲೆಯನ್ನು ಪಕ್ಕಕ್ಕೆ ಜಗ್ಗಿ ಹರಿಯುತ್ತದೆ. ಹರಿದಾಗ ಹಾರುವ ಚೂರುಗಳಿಗಾಗಿ ಎರಡು ಏಂಜೆಲ್ ಮೀನುಗಳು ಅದರ ಗಲ್ಲಕ್ಕೆ ಅಂಟಿಕೊಂಡೇ ಇದ್ದವು. ಆಮೆ ಒಂದು ಗುಕ್ಕು ತಿಂದರೆ ಮೀನಿಗೆ ನಾಲ್ಕು ಚೂರು. ಇನ್ನೊಂದು ಕಡೆ ಗೈಡ್ ಹವಳದ ಚಪ್ಪಟೆ ಚಾವಣಿಯ ಅಡಿಗೆ ಟಾರ್ಚ್ ಬಿಟ್ಟ. ಕಪ್ಪು-ಬಿಳಿ ಗೀರಿನ ತಲೆ, ಗದ್ದದಲ್ಲಿ ಮೀಸೆ, ಕಡುಹಳದಿ ಅಂಚಿನ ರೆಕ್ಕೆ. ಕೊಝುಮೆಲ್‌ನದೇ ಎಂದು ಹೆಸರಾದ ಸ್ಪ್ಲೆಂಡಿಡ್ ಟೋಡ್‌ಫಿಶ್. ಹಗಲಿಡೀ ಬಿಲದ ಬಾಯಲ್ಲೇ ಕೂರುವ ಈ ಮೀನನ್ನು ಯಾವ ಚಾವಣಿಯ ಅಡಿ ಹುಡುಕಬೇಕೆಂದು ದಿನವೂ ಆ ದಿಬ್ಬದ ಮೇಲೆ ಹಾಯುವವನಿಗೇ ಗೊತ್ತು.

ಈ ದಿಬ್ಬಗಳು 1996ರಿಂದ ಮೆಕ್ಸಿಕೊದ ರಾಷ್ಟ್ರೀಯ ಸಾಗರ ಉದ್ಯಾನ. ಒಳಗೆ ಕೈಗವಸು ಹಾಕುವಂತಿಲ್ಲ, ಚಾಕು ಒಯ್ಯುವಂತಿಲ್ಲ. ಕೈಗವಸು ಇದ್ದರೆ ಕೈ ಹವಳ ಹಿಡಿಯುತ್ತದೆ, ಅಷ್ಟೇ ಕಾರಣ. ಚಳಿಗಾಲದಲ್ಲಿ ‘ನೊರ್ತೆ’ ಎಂಬ ಉತ್ತರದ ಗಾಳಿ ಎದ್ದರೆ ಬಂದರಿನ ಅಧಿಕಾರಿಗಳು ಸಣ್ಣ ದೋಣಿಗಳಿಗೆ ಕಡಲು ಮುಚ್ಚುತ್ತಾರೆ. ಅಂದು ಡೈವ್ ಇಲ್ಲ, ವಾದವೂ ಇಲ್ಲ. ಹಡಗೇ ಬಂದರಿಗೆ ಬಾರದಿದ್ದರೆ ದುಡ್ಡು ವಾಪಸ್ ಕೊಡುವ ಅಂಗಡಿಗಳು ಬಹಳ. ಕಾದಿರಿಸುವಾಗ ಅದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಕೇಮನ್, ರೊಅಟಾನ್

ಗ್ರ್ಯಾಂಡ್ ಕೇಮನ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಹಡಗಿಗೆ ದಕ್ಕೆಯೇ ಇಲ್ಲ. ಜಾರ್ಜ್ ಟೌನ್ ಎದುರು ನಿಂತು, ಟೆಂಡರ್ ಎನ್ನುವ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಅಲ್ಲಿ ನೋಡಬೇಕಾದ್ದು ಹಡಗು ಹೊರಡುವ ಸಮಯವನ್ನಲ್ಲ, ಕೊನೆಯ ಟೆಂಡರ್ ಸಮಯವನ್ನು. ಗಾಳಿ ಜೋರಿದ್ದರೆ ದ್ವೀಪದ ದಕ್ಷಿಣದ ಸ್ಪಾಟ್ಸ್ ಎಂಬಲ್ಲಿ ಇಳಿಸುತ್ತಾರೆ. ಆಗ ಡೈವ್ ಅಂಗಡಿಗೆ ಮೊದಲೇ ಫೋನ್ ಮಾಡಬೇಕು. ದಕ್ಕೆ ಕಟ್ಟುವ ಮಾತು ಅಲ್ಲಿ ವರ್ಷಗಟ್ಟಲೆ ನಡೆಯಿತು. ಹವಳ ಹಾಳಾಗುತ್ತದೆಂದು ಡೈವರ್‌ಗಳೂ ಊರವರೂ ಎದ್ದು ನಿಂತರು. 2025ರ ಏಪ್ರಿಲ್‌ನಲ್ಲಿ ಜನರ ಮತ ಕೇಳಿದಾಗ ಹೆಚ್ಚಿನವರು ಬೇಡವೆಂದೇ ಹೇಳಿದರು.

ಕೆರಿಬಿಯನ್‌ನಲ್ಲಿ ಪ್ರವಾಸಿಗರಿಗೆ ಡೈವಿಂಗ್ ವ್ಯಾಪಾರ ಶುರುವಾದದ್ದು ಈ ದ್ವೀಪದಲ್ಲೇ ಎನ್ನುತ್ತಾರೆ, 1957ರಲ್ಲಿ ಬಾಬ್ ಸೋಟೊ ಎಂಬ ಊರಿನವನಿಂದ. ಸೆವೆನ್ ಮೈಲ್ ಬೀಚಿನ ಆಚೆ ಕಿಟ್ಟಿವೇಕ್ ಎಂಬ ಅಮೆರಿಕನ್ ನೌಕಾಪಡೆಯ ಹಳೆಯ ಹಡಗನ್ನು 2011ರ ಜನವರಿಯಲ್ಲಿ ಬೇಕೆಂದೇ ಮುಳುಗಿಸಿದರು. 1986ರಲ್ಲಿ ಸಿಡಿದ ಚಾಲೆಂಜರ್ ಗಗನನೌಕೆಯ ಅವಶೇಷ ಹುಡುಕಲು ಹೋದ ಹಡಗು ಅದು. 2017ರ ನೇಟ್ ಚಂಡಮಾರುತ ಅದನ್ನು ಪಕ್ಕಕ್ಕೆ ಉರುಳಿಸಿತು. ಈಗ ಅದರ ಬಾಗಿಲುಗಳೆಲ್ಲ ಅಡ್ಡ ಮಲಗಿವೆ. ಒಳಗೆ ಹೊಕ್ಕರೆ ಮೇಲು ಯಾವುದು, ಗೋಡೆ ಯಾವುದು ತಿಳಿಯದು. ಡೈವ್ ಮಾಡದವರಿಗೆ ತೊರಕೆ ಮೀನುಗಳ ಸ್ಟಿಂಗ್‌ರೇ ಸಿಟಿ ಇದ್ದೇ ಇದೆ. ಮೀನುಗಾರರು ಆ ಮರಳುದಿಬ್ಬದ ಬಳಿ ಮೀನು ಕೊಯ್ದು ಕಸ ಎಸೆದು ಎಸೆದು ತೊರಕೆಗಳಿಗೆ ಅಲ್ಲಿ ಸೇರುವ ಅಭ್ಯಾಸವಾಯಿತು.

ರೊಅಟಾನ್ ನನಗೆ ಮೂರರಲ್ಲಿ ಹೆಚ್ಚು ಇಷ್ಟ. ಅಲ್ಲಿ ಹವಳ ದಡಕ್ಕೆ ಅಷ್ಟು ಹತ್ತಿರ. ವೆಸ್ಟ್ ಎಂಡ್ ಎಂಬ ಹಳ್ಳಿಯಿಂದ ದೋಣಿ ಹತ್ತೇ ನಿಮಿಷ ಓಡಿದರೆ ಗೋಡೆ ಸಿಗುತ್ತದೆ. ಹೊಂಡುರಾಸ್ ಸ್ಪ್ಯಾನಿಷ್ ಮಾತಿನ ದೇಶವಾದರೂ ದ್ವೀಪದವರ ಬಾಯಲ್ಲಿ ಇಂಗ್ಲಿಷ್, 19ನೇ ಶತಮಾನದ ನಡುವಿನವರೆಗೆ ಬ್ರಿಟಿಷರ ಕೈಯಲ್ಲಿದ್ದ ಗುರುತು. ಅಲ್ಲಿನ ಸಾಗರ ಉದ್ಯಾನ ಸಂಸ್ಥೆಯನ್ನು 2005ರಲ್ಲಿ ಕಟ್ಟಿದವರು ಡೈವ್ ಅಂಗಡಿಯವರೇ. ಕದ್ದು ಮೀನು ಹಿಡಿಯುವವರನ್ನು ತಡೆಯಲು ಗಸ್ತು, ಹವಳದ ಮೇಲೆ ಲಂಗರು ಬೀಳದಂತೆ ದೋಣಿ ಕಟ್ಟಲು ತೇಲುಗುಂಡು, ಎಲ್ಲ ಅವರು ನಡೆಸುವುದು. ಬೆಲೀಜ್‌ನ ಗ್ರೇಟ್ ಬ್ಲೂ ಹೋಲ್ ಆಸೆ ಇಟ್ಟುಕೊಂಡವರಿಗೆ ಒಂದೇ ಮಾತು: ಅದು ಬೆಲೀಜ್ ಸಿಟಿಯಿಂದ ಸುಮಾರು 70 ಕಿಲೋಮೀಟರ್ ಆಚೆ. ಹಡಗಿನ ಒಂದು ಹಗಲಿಗೆ ಅದು ದಕ್ಕುವುದು ಕಷ್ಟ.

ರಕ್ತದಲ್ಲಿ ಸಾರಜನಕ

ಹತ್ತು ಮೀಟರ್ ಕೆಳಗೆ ಹೋದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟು, ಇಪ್ಪತ್ತಕ್ಕೆ ಮೂರರಷ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ನಿಧಾನ ಮೇಲೆ ಬಂದರೆ ಶ್ವಾಸಕೋಶದ ಮೂಲಕ ಹೊರಗೆ ಹೋಗುತ್ತದೆ. ಗಡಬಡಿಸಿ ಬಂದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವಂತೆ, ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಹಿಡಿದು ಕೈಕಾಲು ಬೀಳುವವರೆಗೆ ಏನೂ ಆಗಬಹುದು. ಆದ್ದರಿಂದಲೇ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏರಬಾರದು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು, ಎರಡು ಡೈವ್‌ಗಳ ನಡುವೆ ಸುಮಾರು ಒಂದು ಗಂಟೆ ದೋಣಿಯ ಮೇಲೆ ಕೂತು ಕಲ್ಲಂಗಡಿ ತಿನ್ನಬೇಕು.

ಮೇಲೆ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ವಿಮಾನದೊಳಗೆ ಗಾಳಿಯ ಒತ್ತಡ ನೆಲಕ್ಕಿಂತ ಕಡಿಮೆ. 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಹೀಗಿದೆ: ಒಂದೇ ಡೈವ್ ಮಾಡಿದ್ದರೆ ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ, ಹೆಚ್ಚು ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ಕೊನೆಯ ಬಂದರು ಮರುದಿನ ಬೆಳಗಿನ ವಿಮಾನಕ್ಕೆ ಹತ್ತಿರವಿದ್ದರೆ ಈ ಲೆಕ್ಕ ಹಾಕಿಯೇ ದೋಣಿ ಕಾದಿರಿಸಿ. ಅದೇ ದಿನ ಹೆಲಿಕಾಪ್ಟರ್ ಸವಾರಿಯೂ ಬೇಡ.

ಹಡಗು ಇನ್ನೊಂದು ಕಾಟ ಕೊಡುತ್ತದೆ: ರಾತ್ರಿ ಒಂದು ಗಂಟೆಯವರೆಗೆ ಹಾಡು, ಮೇರೆಯಿಲ್ಲದ ಮದ್ಯ. ನಿದ್ದೆಗೆಟ್ಟು, ಮೈಯ ನೀರು ಕಳೆದುಕೊಂಡು ಬೆಳಿಗ್ಗೆ ಏಳಕ್ಕೆ ಡೈವ್ ದೋಣಿ ಹತ್ತುವವರನ್ನು ನೋಡಿದ್ದೇನೆ. ಅಂಥವರಿಗೆ ಅಪಾಯ ಹೆಚ್ಚು, ಪಕ್ಕದವರಿಗೂ ತೊಂದರೆ.

ದೋಣಿ ಆರಿಸುವ ಬಗೆ

ಅಂಗಡಿಗೆ ಬರೆಯುವಾಗ ನಾನು ಕೇಳುವುದು ಇಷ್ಟು. ಒಬ್ಬ ಗೈಡಿಗೆ ಎಷ್ಟು ಜನ? ಹೊಸಬರನ್ನೂ ಹಳಬರನ್ನೂ ಬೇರೆ ಮಾಡುತ್ತೀರಾ? ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್, ರೇಡಿಯೊ ಇದೆಯೇ? ಹತ್ತಿರದ ಒತ್ತಡದ ಚಿಕಿತ್ಸಾ ಕೊಠಡಿ ಎಲ್ಲಿ? ಉತ್ತರ ತಡವಾದರೂ ಚಿಂತೆಯಿಲ್ಲ, ಜಾರಿಕೊಳ್ಳುವಂತಿದ್ದರೆ ಬಿಟ್ಟೆ. ಅವರೂ ನನ್ನನ್ನು ಕೇಳಬೇಕು: ಕಾರ್ಡ್ ಯಾವುದು, ಕೊನೆಯ ಡೈವ್ ಯಾವಾಗ, ಎಂದು. ಏನನ್ನೂ ಕೇಳದೆ ದುಡ್ಡು ಹಿಡಿಯುವ ಅಂಗಡಿಗೆ ನಾನು ಹೋಗುವುದಿಲ್ಲ.

ಆರೋಗ್ಯದ ಪ್ರಶ್ನಾವಳಿಯನ್ನು ಮನೆಯಲ್ಲೇ ತುಂಬಿ. ಅಸ್ತಮಾ, ಹೃದಯದ ತೊಂದರೆಯಂಥ ಪ್ರಶ್ನೆಗೆ ‘ಹೌದು’ ಎಂದರೆ ವೈದ್ಯರ ಸಹಿ ಬೇಕಾಗುತ್ತದೆ. ಬಂದರಿನಲ್ಲಿ ವೈದ್ಯರನ್ನು ಹುಡುಕುವ ಹೊತ್ತಿಲ್ಲ. ಸುಳ್ಳು ಬರೆದರೆ ಗೈಡಿಗೆ ಗೊತ್ತಾಗಲಿಕ್ಕಿಲ್ಲ, ಇಪ್ಪತ್ತು ಮೀಟರ್ ಆಳದಲ್ಲಿ ನಿಮ್ಮ ಎದೆಗೆ ಗೊತ್ತಾಗುತ್ತದೆ. ಮಾಸ್ಕ್ ಮತ್ತು ಡೈವ್ ಕಂಪ್ಯೂಟರ್ ಸ್ವಂತದ್ದಿರಲಿ. ಉಳಿದದ್ದು ಬಾಡಿಗೆಗೆ ಸಿಗುತ್ತದೆ. ಪ್ರಯಾಣ ವಿಮೆ ಡೈವಿಂಗಿಗೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಹವಳಕ್ಕೆ ಬಂದ ಕಾಯಿಲೆ

ಇಷ್ಟೆಲ್ಲ ಹೇಳಿ, ಕೆಳಗಿರುವುದು ಹಾಗೇ ಇದೆ ಎಂದರೆ ಸುಳ್ಳಾದೀತು. 2014ರಲ್ಲಿ ಫ್ಲಾರಿಡಾದಲ್ಲಿ ಕಂಡ ಹವಳದ ಕಾಯಿಲೆಯೊಂದು 2018ರಲ್ಲಿ ಮೆಕ್ಸಿಕೊದ ಈ ಕರಾವಳಿಗೆ, 2020ರಲ್ಲಿ ಕೇಮನ್ ಮತ್ತು ರೊಅಟಾನ್‌ಗೆ ಬಂತು. ನೂರಾರು ವರ್ಷ ಬೆಳೆದ ಹವಳದ ಜೀವಂತ ಪದರ ವಾರಗಳಲ್ಲಿ ಕಳಚಿ ಬಿಳಿ ಸುಣ್ಣ ಉಳಿಯುತ್ತದೆ. 2019ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊ ಸರ್ಕಾರ ಪಲಂಕಾರ್, ಕೊಲಂಬಿಯಾ ದಿಬ್ಬಗಳನ್ನು ಕೆಲ ಕಾಲ ಪ್ರವಾಸಿಗರಿಗೆ ಮುಚ್ಚಿತು. ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗೆ ಇಳಿಯಬೇಡಿ ಎಂದು ಗೈಡ್‌ಗಳು ಹೇಳುವುದು, ಡೈವಿಂಗ್ ಸಾಮಾನನ್ನು ಸೋಂಕುನಾಶಕದಲ್ಲಿ ಅದ್ದುವುದು ಎಲ್ಲ ಹವಳ ಉಳಿಯಲೆಂದು.

ಇನ್ನೊಂದು ಪಿಡುಗು ನನಗೆ ಪರಿಚಯದ್ದು. ಉದ್ದ ವಿಷಮುಳ್ಳುಗಳ, ಪಟ್ಟೆಪಟ್ಟೆಯ ಲಯನ್‌ಫಿಶ್ ನಮ್ಮ ಕರಾವಳಿಯ ನೇತ್ರಾಣಿ ದ್ವೀಪದ ಬಂಡೆಗಳಲ್ಲಿ ಸಹಜವಾಗಿ ಬದುಕುವ ಮೀನು. ಅದನ್ನು ತಿನ್ನುವವರು, ಅದಕ್ಕೆ ಅಂಜುವವರು ಎಲ್ಲ ಅಲ್ಲುಂಟು. ಅಟ್ಲಾಂಟಿಕ್‌ನಲ್ಲಿ ಅದು 1985ರಲ್ಲಿ ಫ್ಲಾರಿಡಾ ಬಳಿ ಮೊದಲು ಕಂಡಿತು. ಈ ಕಡೆಯ ಮೀನುಗಳಿಗೆ ಅದರ ಪರಿಚಯವಿಲ್ಲ. ಮರಿಮೀನುಗಳು ಓಡುವುದಿಲ್ಲ, ದೊಡ್ಡವು ಅದನ್ನು ಮುಟ್ಟುವುದಿಲ್ಲ. ರೊಅಟಾನ್‌ನ ಗೈಡ್ ಪರವಾನಗಿ ಪಡೆದ ಈಟಿ ಹಿಡಿದು ಅದನ್ನು ಚುಚ್ಚಿದಾಗ ಊರಿನವನೊಬ್ಬನನ್ನು ಪರದೇಶದಲ್ಲಿ ಹಿಡಿದು ಹಾಕಿದಷ್ಟು ಕಸಿವಿಸಿಯಾಯಿತು. ಸಂಜೆ ಅದೇ ಮೀನನ್ನು ಹುರಿದು ಮಾರುತ್ತಾರೆ. ವಿಷ ಮುಳ್ಳಿನಲ್ಲಿ ಮಾತ್ರ, ಮಾಂಸದಲ್ಲಿಲ್ಲ.

ಗಸ್ತು, ತೇಲುಗುಂಡು, ಈಟಿ ಎಲ್ಲಕ್ಕೂ ದುಡ್ಡು ಬರುವುದು ಬಹುಪಾಲು ನೀರಿಗೆ ಇಳಿಯುವವರಿಂದ. ಹಡಗಿನ ಮೂಲಕ ಹೋದರೆ ಅದರಲ್ಲೊಂದು ಭಾಗ ಹಡಗಿನಲ್ಲೇ ಉಳಿಯುತ್ತದೆ. ನಾನು ಸಣ್ಣ ದೋಣಿ ಹಿಡಿಯಲು ಇದೂ ಒಂದು ಕಾರಣ.

ಆದರೆ ಎಂದೂ ಡೈವ್ ಮಾಡದವರು ಮೊದಲ ಪಾಠಕ್ಕೆ ಕ್ರೂಸ್‌ನ ಬಂದರನ್ನು ಆರಿಸಬೇಡಿ. ಗಂಟೆ ನೋಡುತ್ತ ಉಸಿರಾಟ ಕಲಿಯಲಾಗದು. ನಾನು ಮೊದಲು ನೀರಿನ ಕೆಳಗೆ ಉಸಿರಾಡಿದ್ದು ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ, ಊರಿಗೆ ಹೋದಾಗ. ಕಾರ್ಡ್ ಪಡೆದದ್ದು ಆಸ್ಟಿನ್ ಬಳಿಯ ಟ್ರಾವಿಸ್ ಸರೋವರದ ಕಲಕು ನೀರಿನಲ್ಲಿ. ಅಕ್ಟೋಬರ್‌ನಿಂದ ಮೇವರೆಗೆ ಊರಿಗೆ ಹೋಗುವವರಿಗೆ ನೇತ್ರಾಣಿ ಸಿಗುತ್ತದೆ. ಅಮೆರಿಕದಲ್ಲಿ ನಿಮ್ಮ ಊರಿನ ಈಜುಕೊಳದಲ್ಲೇ ತರಗತಿ ಇದ್ದೀತು. ಬಂದರಿನಲ್ಲಿ ಸಿಗುವ ಐದಾರು ಗಂಟೆ ಕಲಿಯಲಿಕ್ಕೆ ಸಾಲದು, ಕಲಿತವರಿಗೆ ಧಾರಾಳ.